ಮೀನುಗಾರರಿಗೆ ಹೇಳಿದ್ದು ನಮಗೂ ಹೇಳಿದ್ದೇ

ಹಿಂಗಾರಿನ ಒಂದು ಸಂಜೆ. ನೀವು ಅಡುಗೆ ಮನೆಯಲ್ಲಿದ್ದೀರಿ. ನಡುಮನೆಯಲ್ಲಿ ಟಿ.ವಿ. ತನ್ನ ಪಾಡಿಗೆ ತಾನು ಮಾತನಾಡುತ್ತಿದೆ. "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆ. ಮೀನುಗಾರರು ಕಡಲಿಗೆ ಇಳಿಯಬಾರದು" ಎಂಬ ಮಾತು ಕಿವಿಗೆ ಬೀಳುತ್ತದೆ. ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಲ್ಲುವುದಿಲ್ಲ. ಏಕೆ ನಿಲ್ಲಬೇಕು? ಹಾಸನಕ್ಕೂ ಕಡಲಿಗೂ ಎಲ್ಲಿಯ ಸಂಬಂಧ? ನಮ್ಮೂರಿಗೆ ಕಡಲು ಬರುವುದು ಮಂಗಳೂರಿನ ಮೀನಿನ ಲಾರಿಯಲ್ಲಿ, ಐಸ್ ಪೆಟ್ಟಿಗೆಯ ಒಳಗೆ. ಮಗಳನ್ನು ಉಳ್ಳಾಲಕ್ಕೋ ಮಲ್ಪೆಗೋ ಕೊಟ್ಟ ತಾಯಂದಿರು ಮಾತ್ರ ಒಂದು ಕ್ಷಣ ತಲೆಯೆತ್ತಿ ಕೇಳುತ್ತಾರೆ. ಉಳಿದವರಿಗೆ ಅದು ಯಾರದೋ ಸುದ್ದಿ.

ನಾನೂ ಹಾಗೆಯೇ ಇದ್ದವಳು. ಬಿ.ಎ.ಯಲ್ಲಿ ಭೂಗೋಳ ಓದಿ, ಪರೀಕ್ಷೆಯಲ್ಲಿ ಚಂಡಮಾರುತದ ಚಿತ್ರ ಬರೆದು ಅಂಕ ತೆಗೆದುಕೊಂಡವಳಿಗೂ ಆ ಸುದ್ದಿ ನನ್ನದು ಎಂದು ಅನಿಸಿರಲಿಲ್ಲ. 2021ರ ನವೆಂಬರ್ ತಿಂಗಳು ಆ ಅಜ್ಞಾನವನ್ನು ಕಳೆಯಿತು.

ಆಗ ನನ್ನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ವಾರವಿಡೀ ತರಗತಿಗೆ ಬರಲಿಲ್ಲ. ವಿಚಾರಿಸೋಣವೆಂದು ಅವರ ಮನೆಗೆ ಹೋದೆ. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ. ಬಾಗಿಲಲ್ಲೇ ಮುಗ್ಗಲು ವಾಸನೆ. ಒಳಗೆ ಚಾಪೆಯ ಮೇಲೆ, ಮಂಚದ ಮೇಲೆ, ಕೊನೆಗೆ ಮಕ್ಕಳು ಓದುವ ಮೂಲೆಯಲ್ಲಿಯೂ ರಾಗಿ ತೆನೆ ಹರಡಿತ್ತು. ತಾಯಿ ಒಂದು ತೆನೆ ಎತ್ತಿ ನನ್ನ ಕೈಗೆ ಕೊಟ್ಟರು. ಕಾಳುಕಾಳಿಗೂ ಬಿಳಿಯ ಮೊಳಕೆ ಒಡೆದಿತ್ತು.

"ಟೀಚರ್, ವಾರಕ್ಕೆ ಮಾಡಿದ ಎರಡು ಎಕರೆ. ಸೋಮವಾರ ಆಳು ಸಿಕ್ಕರು ಅಂತ ಕೊಯ್ಸಿಬಿಟ್ಟೆ. ಎರಡು ದಿನ ಹೊಲದಲ್ಲೇ ಒಣಗಲಿ, ಆಮೇಲೆ ಮೆದೆ ಒಟ್ಟೋಣ ಅಂದುಕೊಂಡೆ. ಬುಧವಾರ ಹಿಡಿದ ಮಳೆ ಭಾನುವಾರದವರೆಗೆ ಬಿಡಲೇ ಇಲ್ಲ" ಎಂದರು.

ಜಗಲಿಯಲ್ಲಿ ಕುಳಿತಿದ್ದ ಅವರ ಯಜಮಾನರು ತಲೆ ತಗ್ಗಿಸಿಕೊಂಡೇ ಹೇಳಿದರು. "ಮಳೆ ಬರುತ್ತೆ ಅಂತ ಮೊಬೈಲಿಗೆ ಮೆಸೇಜು ಬಂದಿತ್ತು. ಭಾನುವಾರವೇ ನೋಡಿದ್ದೆ. ಇವಳಿಗೆ ಹೇಳಬೇಕು ಅಂತ ಹೊಳೀಲಿಲ್ಲ."

ಆ ಸಹೋದರಿ ಗಂಡನನ್ನು ಬಯ್ಯಲಿಲ್ಲ. "ಗೊತ್ತಿದ್ದರೆ ಕೊಯ್ಲು ಮುಂದೂಡುತ್ತಿದ್ದೆ. ಕೊಯ್ದಿದ್ದರೂ ಅಂದೇ ಒಟ್ಟಿ ಟಾರ್ಪಾಲು ಹೊದಿಸುತ್ತಿದ್ದೆ" ಎಂದಷ್ಟೇ ಹೇಳಿ ತೆನೆ ತಿರುವತೊಡಗಿದರು. ಎಚ್ಚರಿಕೆಯ ಮಾತು ಸಮುದ್ರದಿಂದ ಹೊರಟು ದೆಹಲಿ, ಬೆಂಗಳೂರು ದಾಟಿ ಅವರ ಮನೆಯ ಜಗಲಿಯವರೆಗೂ ಬಂದಿತ್ತು. ಜಗಲಿಯಿಂದ ಒಳಮನೆಗಿದ್ದ ನಾಲ್ಕು ಹೆಜ್ಜೆಯನ್ನು ಮಾತ್ರ ಅದು ದಾಟಲಿಲ್ಲ. ಈ ನಾಲ್ಕು ಹೆಜ್ಜೆಯ ಬಗ್ಗೆಯೇ ಈ ತಿಂಗಳು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಒಂದೇ ಗೆರೆಯ ಮೇಲಿನ ಊರುಗಳು

ನಿಮ್ಮ ಮಕ್ಕಳ ಅಟ್ಲಾಸ್ ತೆಗೆದು ದಕ್ಷಿಣ ಭಾರತದ ಪುಟ ಬಿಡಿಸಿ. ಚೆನ್ನೈ ಮೇಲೆ ಸ್ಕೇಲಿನ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ನೇರವಾಗಿ ಪಶ್ಚಿಮಕ್ಕೆ ಚಾಚಿ. ಚೆನ್ನೈ, ಬೆಂಗಳೂರು, ಚನ್ನರಾಯಪಟ್ಟಣ, ಹಾಸನ, ಮಂಗಳೂರು ಎಲ್ಲವೂ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದ ಗೆರೆಯ ಮೇಲೆಯೇ ಸಿಗುತ್ತವೆ. ಹೊಳೆನರಸೀಪುರ, ಅರಕಲಗೂಡು ಆ ಗೆರೆಯಿಂದ ಒಂದಿಷ್ಟು ಕೆಳಗೆ. ಒಂದು ತುದಿಯಲ್ಲಿ ಬಂಗಾಳ ಕೊಲ್ಲಿ, ಇನ್ನೊಂದು ತುದಿಯಲ್ಲಿ ಅರಬ್ಬಿ ಸಮುದ್ರ. ನಾವು ಎರಡು ಕಡಲುಗಳ ನಡುವೆ ಕುಳಿತವರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಮಳೆ ತರುವುದು ಅರಬ್ಬಿ ಸಮುದ್ರ. ಅಕ್ಟೋಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಿಸುತ್ತದೆ. ಈಶಾನ್ಯದಿಂದ ಬೀಸತೊಡಗುತ್ತದೆ. ಅದೇ ಹಿಂಗಾರು. ಆ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯ ನೀರು ಇನ್ನೂ ಬೆಚ್ಚಗಿರುತ್ತದೆ. ಬೆಚ್ಚನೆಯ ನೀರಿನ ಮೇಲಿನ ತೇವದ ಗಾಳಿ ಹಗುರಾಗಿ ಮೇಲೇರುತ್ತದೆ. ಮೇಲೇರಿದ ಕಡೆ ಗಾಳಿಯ ಒತ್ತಡ ತಗ್ಗುತ್ತದೆ. ತಗ್ಗಿದ ಜಾಗಕ್ಕೆ ಸುತ್ತಲಿನ ಗಾಳಿ ಸುತ್ತುತ್ತಾ ನುಗ್ಗುತ್ತದೆ. ಸುದ್ದಿಯವರು ವಾಯುಭಾರ ಕುಸಿತ ಎನ್ನುವುದು ಇದಕ್ಕೆ. ಸುತ್ತುವ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಅದು ಚಂಡಮಾರುತ. ಆಗಲೇ ಅದಕ್ಕೊಂದು ಹೆಸರು. ನಮ್ಮ ಭಾಗದ ಕಡಲುಗಳ ಚಂಡಮಾರುತಗಳಿಗೆ 2004ರಿಂದ ಹೆಸರಿಡುವ ರೂಢಿ ಬಂದಿದೆ. ಈಗ ಭಾರತ, ಬಾಂಗ್ಲಾದೇಶ, ಸೌದಿ ಅರೇಬಿಯಾ ಸೇರಿ 13 ದೇಶಗಳು ಕೊಟ್ಟ ಪಟ್ಟಿಯಿಂದ ಸರದಿಯಂತೆ ಹೆಸರು ತೆಗೆಯುತ್ತಾರೆ.

ಇಲ್ಲಿ ನಾವು ಎಡವುವ ಜಾಗವೊಂದಿದೆ. ಹೆಸರಿದ್ದರೆ ಹೆದರುತ್ತೇವೆ, ಹೆಸರಿಲ್ಲದಿದ್ದರೆ ಸುಮ್ಮನಿರುತ್ತೇವೆ. 2021ರ ನವೆಂಬರ್ 11ರಂದು ಒಂದು, 19ರಂದು ಇನ್ನೊಂದು ವಾಯುಭಾರ ಕುಸಿತ ಚೆನ್ನೈ ಸುತ್ತಮುತ್ತ ದಡ ಹತ್ತಿದವು. ಎರಡಕ್ಕೂ ಹೆಸರು ಪಡೆಯುವಷ್ಟು ಬಿರುಸಿರಲಿಲ್ಲ. ಆದರೆ ಕೋಲಾರ, ತುಮಕೂರು, ಹಾಸನದ ಬಯಲಿನಲ್ಲಿ ಕೊಯ್ಲಿಗೆ ಬಂದ ರಾಗಿಯನ್ನು ಮಲಗಿಸಿದ್ದು ಆ ದಿನಗಳ ಮಳೆಯೇ. ನಮಗೆ ಬೇಕಾದ ಲೆಕ್ಕ ಗಾಳಿಯದಲ್ಲ, ಮಳೆಯದು.

ದಡ ಹತ್ತಿದ ಮೇಲೆ ಚಂಡಮಾರುತಕ್ಕೆ ಬೆಚ್ಚನೆಯ ನೀರಿನ ಆಹಾರ ತಪ್ಪುತ್ತದೆ. ಗಾಳಿ ಸೋಲುತ್ತದೆ. ಹೊತ್ತು ತಂದ ನೀರು ಮಾತ್ರ ಮೋಡದಲ್ಲೇ ಇರುತ್ತದೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಹತ್ತಿದ 'ಫೆಂಗಲ್' ಅನ್ನು ನೆನಪಿಸಿಕೊಳ್ಳಿ. ಪುದುಚೇರಿಯಲ್ಲಿ ಒಂದೇ ದಿನ ಹೆಚ್ಚುಕಡಿಮೆ ಅರ್ಧ ಮೀಟರ್ ಮಳೆ ಸುರಿಯಿತು. ಅಲ್ಲಿಗೆ ಮುಗಿಯಲಿಲ್ಲ. ಬಲಗುಂದಿದ ಮೇಲೆ ಒಳನಾಡಿಗೆ ನಡೆದು, ಕಡಲಿನಿಂದ ಬಹು ದೂರದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲೂ ಅಷ್ಟೇ ಮಳೆ ಸುರಿಸಿತು. ಮತ್ತೆ ಪಶ್ಚಿಮಕ್ಕೆ ಸಾಗಿ ನಮ್ಮ ರಾಜ್ಯದ ದಕ್ಷಿಣ ಭಾಗವನ್ನು ತೋಯಿಸಿ ಅರಬ್ಬಿ ಸಮುದ್ರದ ಕಡೆ ಹೋಯಿತು. ಡಿಸೆಂಬರ್ 3ರಂದು ದಕ್ಷಿಣ ಕನ್ನಡದ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಪೂರ್ವದ ಕಡಲಿನಲ್ಲಿ ಹುಟ್ಟಿದ್ದು ಪಶ್ಚಿಮದ ಕಡಲಿನ ಮಕ್ಕಳಿಗೆ ರಜೆ ಕೊಡಿಸಿತು ಎಂದರೆ, ಅದು ನಡುವೆ ಇರುವ ನಮ್ಮನ್ನು ಕೇಳದೆ ಹೋದೀತೇ?

ಹವಾಮಾನ ಇಲಾಖೆಯವರು ಚಂಡಮಾರುತದ ಎಚ್ಚರಿಕೆಯನ್ನು ನಾಲ್ಕು ಹಂತಗಳಲ್ಲಿ ಕೊಡುತ್ತಾರೆ. ಮೊದಲನೆಯದು ಸುಮಾರು 72 ಗಂಟೆ ಮೊದಲು, ಎರಡನೆಯದು 48 ಗಂಟೆ ಮೊದಲು, ಮೂರನೆಯದು 24 ಗಂಟೆ ಮೊದಲು. ಈ ಮೂರೂ ಮುಖ್ಯವಾಗಿ ಕರಾವಳಿಯವರಿಗೆ. ದಡ ಹತ್ತಲು ಸುಮಾರು 12 ಗಂಟೆ ಇರುವಾಗ ಬರುವ ನಾಲ್ಕನೆಯದರಲ್ಲಿ, ದಡ ಹತ್ತಿದ ಮೇಲೆ ಅದು ಎತ್ತ ಸಾಗೀತು, ಒಳನಾಡಿನಲ್ಲಿ ಏನಾದೀತು ಎಂಬ ವಿವರವಿರುತ್ತದೆ. ಅದು ನಮಗೆಂದೇ ಬರೆದ ಪತ್ರ. ಆದರೆ ಆ ಹೊತ್ತಿಗೆ ಟಿ.ವಿ.ಯವರು ಮರೀನಾ ಬೀಚಿನ ಅಲೆಗಳನ್ನು ತೋರಿಸುವುದರಲ್ಲಿ ಮುಳುಗಿರುತ್ತಾರೆ. ನಾವೂ ಅಲೆ ನೋಡುತ್ತಾ ಕುಳಿತಿರುತ್ತೇವೆ.

ಮುನ್ಸೂಚನೆ ಓದುವ ಬಗೆ

"ಈ ಹವಾಮಾನದವರು ಹೇಳಿದ್ದು ಎಂದೂ ಆಗುವುದಿಲ್ಲ" ಎಂದು ನಗುವವರು ಬಹಳ. ಹೇಳಿದ್ದನ್ನು ನಾವು ಸರಿಯಾಗಿ ಓದುತ್ತೇವೆಯೇ? ನೋಡೋಣ.

ಮೊದಲು, ನಮ್ಮ ಭಾಗ ಯಾವುದು ಎಂದು ತಿಳಿದಿರಬೇಕು. ಮುನ್ಸೂಚನೆಯಲ್ಲಿ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರಾಗಿ ಮಾಡಿದ್ದಾರೆ. ಹಾಸನ ಜಿಲ್ಲೆ ದಕ್ಷಿಣ ಒಳನಾಡಿನಲ್ಲಿದೆ. ಆ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಗಬೇಕು.

ಎರಡನೆಯದು, "ಒಂದೆರಡು ಕಡೆ", "ಕೆಲವೆಡೆ", "ಹಲವೆಡೆ", "ಬಹುತೇಕ ಎಲ್ಲ ಕಡೆ" ಎಂಬ ಮಾತುಗಳು. ಇವು ಬಾಯಿಗೆ ಬಂದಂತೆ ಆಡುವ ಮಾತುಗಳಲ್ಲ. ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದಂತೆ ಮಳೆಯಾಗುವ ಸಾಧ್ಯತೆ ಇದ್ದರೆ ಮೊದಲನೆಯದು. ಅರ್ಧದವರೆಗೆ ಎರಡನೆಯದು. ಮುಕ್ಕಾಲರವರೆಗೆ ಮೂರನೆಯದು. ಅದಕ್ಕಿಂತ ಹೆಚ್ಚಾದರೆ ಕೊನೆಯದು. ಒಂದೆರಡು ಕಡೆ ಭಾರೀ ಮಳೆ ಎಂದಾಗ ಅರಕಲಗೂಡಿನಲ್ಲಿ ಸುರಿದು ಚನ್ನರಾಯಪಟ್ಟಣದಲ್ಲಿ ಬಿಸಿಲು ಕಾದರೆ ಮುನ್ಸೂಚನೆ ಸುಳ್ಳಾಗಲಿಲ್ಲ, ಹೇಳಿದಂತೆಯೇ ಆಯಿತು.

ಮೂರನೆಯದು ಮಿಲಿಮೀಟರ್. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಅದು "ಭಾರೀ" ಮಳೆ. 115.6 ದಾಟಿದರೆ "ಅತಿ ಭಾರೀ". 204.5 ಮುಟ್ಟಿದರೆ ಅದಕ್ಕೂ ಮೀರಿದ್ದು. ನಮ್ಮ ಕೊಡದ ಲೆಕ್ಕದಲ್ಲಿ ಹೇಳುತ್ತೇನೆ. 15 ಲೀಟರಿನ ಕೊಡವಾದರೆ, ಭಾರೀ ಮಳೆಯೆಂದರೆ ಆ ಒಂದು ಮೀಟರಿನ ಚೌಕದ ಮೇಲೆ ನಾಲ್ಕು ಕೊಡಕ್ಕಿಂತ ಹೆಚ್ಚು ನೀರು ಸುರಿದಂತೆ. ಕೊನೆಯದರಲ್ಲಿ ಹದಿಮೂರು ಕೊಡ ದಾಟುತ್ತದೆ. ಮೂವತ್ತು-ನಲವತ್ತರ ಸೈಟಿನ ಮನೆಯ ಮೇಲೆ ಭಾರೀ ಮಳೆಯ ದಿನ ಸುಮಾರು ಏಳು ಸಾವಿರ ಲೀಟರು ನೀರು ಬೀಳುತ್ತದೆ. ಚರಂಡಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದ್ದರೆ ಅಷ್ಟೂ ನೀರು ಎಲ್ಲಿ ಹೋಗಬೇಕು?

ನಾಲ್ಕನೆಯದು ಬಣ್ಣ. ಹಸಿರಾದರೆ ಎಚ್ಚರಿಕೆಯಿಲ್ಲ. ಹಳದಿಯಾದರೆ ಗಮನವಿಟ್ಟಿರಿ. ಕಿತ್ತಳೆಯಾದರೆ ಸಿದ್ಧರಾಗಿರಿ. ಕೆಂಪಾದರೆ ಕೂಡಲೇ ಕ್ರಮ ಕೈಗೊಳ್ಳಿ. ನಮ್ಮಲ್ಲಿ ಹಳದಿ, ಕಿತ್ತಳೆಯ ದಿನಗಳು ಸುಮ್ಮನೆ ಕಳೆದುಹೋಗುತ್ತವೆ. ಕೆಂಪು ಬಂದಾಗ ಮನೆಯಲ್ಲಿ ಓಡಾಟ ಶುರು. ಸಿದ್ಧತೆಯ ದಿನ ಕಿತ್ತಳೆಯದು. ಕೆಂಪು ಬಂದ ದಿನ ಟಾರ್ಪಾಲು ಹುಡುಕಿದರೆ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ನಮ್ಮ ಹಿರಿಯರು ಚಿತ್ತೆ ಮಳೆ, ಸ್ವಾತಿ ಮಳೆ, ವಿಶಾಖೆ ಮಳೆ ಎಂದು ಲೆಕ್ಕ ಇಡುತ್ತಿದ್ದರು. ಆ ಲೆಕ್ಕವನ್ನು ನಾನು ಹೀಗಳೆಯುವುದಿಲ್ಲ. ಯಾವ ಹೊತ್ತಿನಲ್ಲಿ ಬಿತ್ತಬೇಕು, ಯಾವಾಗ ಕೊಯ್ಯಬೇಕು ಎಂಬ ತಲೆಮಾರುಗಳ ಅನುಭವ ಅದರಲ್ಲಿದೆ. ಆದರೆ ಸ್ವಾತಿ ಮಳೆ ವರ್ಷ ವರ್ಷ ಅದೇ ದಿನಗಳಲ್ಲಿ ಬರಬೇಕಾದದ್ದು. ಈ ವರ್ಷ ಈ ಬುಧವಾರ ಕೊಲ್ಲಿಯಲ್ಲಿ ಏನು ಹುಟ್ಟಿದೆ ಎಂಬುದನ್ನು ಪಂಚಾಂಗ ಹೇಳಲಾರದು. ಅದನ್ನು ಮೇಲಿನಿಂದ ನೋಡುವ ಇನ್ಸಾಟ್ ಉಪಗ್ರಹವೂ ಚೆನ್ನೈ, ಕೊಚ್ಚಿ, ಗೋವಾಗಳ ರಾಡಾರುಗಳೂ ಹೇಳಬೇಕು.

ಹೊಳೆಯವರು ತಮ್ಮ ಆಕಾಶ ನೋಡಿದರೆ ಸಾಲದು

ಹೊಳೆನರಸೀಪುರದ ಹೆಸರಿನಲ್ಲೇ ಹೊಳೆಯಿದೆ. ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ, ಗೊರೂರಿನಲ್ಲಿ ಅಣೆಕಟ್ಟೆಗೆ ನಿಂತು, ಅಲ್ಲಿಂದ ಹೊಳೆನರಸೀಪುರಕ್ಕೆ ಬರುತ್ತಾಳೆ. ಬೇಲೂರಿನ ಕಡೆಯ ಯಗಚಿಯೂ ಅವಳನ್ನೇ ಸೇರುತ್ತಾಳೆ. ಗೊರೂರಿನ ಜಲಾಶಯ 2,922 ಅಡಿಗೆ ತುಂಬಿದರೆ ಅದರಲ್ಲಿ 37 ಟಿಎಂಸಿ ಅಡಿ ನೀರು. ಮುಂಗಾರು ಚೆನ್ನಾಗಿ ಸುರಿದ ವರ್ಷ ಅಕ್ಟೋಬರ್ ಹೊತ್ತಿಗೆ ಅದು ತುಂಬಿಯೇ ಇರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹುಯ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಬಂದಷ್ಟನ್ನೂ ಕೆಳಗೆ ಬಿಡಬೇಕಾಗುತ್ತದೆ.

ಆದುದರಿಂದ ಹೊಳೆನರಸೀಪುರದವರು ತಮ್ಮ ಅಂಗಳದ ಆಕಾಶ ನೋಡಿ ನೆಮ್ಮದಿಯಿಂದ ಇರುವಂತಿಲ್ಲ. ಇಲ್ಲಿ ಬಿಸಿಲಿದ್ದರೂ ಸಕಲೇಶಪುರ, ಮೂಡಿಗೆರೆಗಳಲ್ಲಿ ಭಾರೀ ಮಳೆಯ ಮುನ್ಸೂಚನೆ ಇದೆಯೇ ಎಂದು ನೋಡಬೇಕು. ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರದವರ ಹೊಳೆ ಕಾವೇರಿ. ಅವರು ಕೊಡಗಿನ ಮುನ್ಸೂಚನೆ ಕೇಳಬೇಕು. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ರಾಮನಾಥಪುರದ ಮನೆಗಳಿಗೆ ನುಗ್ಗಿದ್ದು ಊರಿನ ಮಳೆಯ ನೀರಲ್ಲ, ಕೊಡಗಿನ ಬೆಟ್ಟಗಳಲ್ಲಿ ಸುರಿದ ನೀರು. ಅದು ಮುಂಗಾರಿನ ಮಾತಾದರೂ ಪಾಠ ಹಿಂಗಾರಿಗೂ ಒಂದೇ.

ಪತ್ರಿಕೆಯಲ್ಲಿ "20,000 ಕ್ಯೂಸೆಕ್ ನೀರು ಬಿಡುಗಡೆ" ಎಂದು ಓದುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರು, ಹತ್ತಿರ ಹತ್ತಿರ ಎರಡು ಕೊಡ. ಇಪ್ಪತ್ತು ಸಾವಿರ ಕ್ಯೂಸೆಕ್ ಎಂದರೆ ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಕೊಡ ನೀರು ನಿಮ್ಮ ಮುಂದೆ ಹಾದುಹೋಗಿರುತ್ತದೆ. ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಸಹೋದರಿಯರು, ಜೊತೆಗೆ ಮಕ್ಕಳನ್ನು ಕರೆದೊಯ್ಯುವವರು ಈ ಲೆಕ್ಕವನ್ನು ನೆನಪಿಡಬೇಕು. ನೀರು ಬಿಡುವ ಸುದ್ದಿ ಬಂದ ದಿನ ಬಟ್ಟೆ ಮನೆಯಲ್ಲೇ ಇರಲಿ.

ಚನ್ನರಾಯಪಟ್ಟಣದ ಕಡೆ ಹೊಳೆಯ ಭಯವಿಲ್ಲ, ಅಲ್ಲಿ ಕೆರೆಗಳದೇ ಲೆಕ್ಕ. 2021, 2022ರ ಮಳೆಗಳಲ್ಲಿ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳು ಕೋಡಿ ಬಿದ್ದವು. ಕೋಡಿ ನೋಡಲು ಮಕ್ಕಳು ಮರಿ ಕಟ್ಟಿಕೊಂಡು ಹೋಗುವುದು, ಹರಿಯುವ ನೀರಿನಲ್ಲಿ ನಿಲ್ಲಿಸಿ ಫೋಟೊ ತೆಗೆಯುವುದು ನಮ್ಮಲ್ಲಿ ಹಬ್ಬದಂತೆ ನಡೆಯುತ್ತದೆ. ಮೊಳಕಾಲುದ್ದದ ಹರಿವ ನೀರು ದೊಡ್ಡವರ ಕಾಲನ್ನೂ ಕೀಳಬಲ್ಲದು. ದಯವಿಟ್ಟು ದೂರದಿಂದ ನೋಡಿ, ಬೇಗ ಮನೆಗೆ ಬನ್ನಿ.

ಸುದ್ದಿ ಮುಟ್ಟದ ಮನೆಗಳು

ಈಗ ಮತ್ತೆ ಆ ನಾಲ್ಕು ಹೆಜ್ಜೆಗೆ ಬರುತ್ತೇನೆ. ರಾಗಿ ಹಾಳಾದರೆ ಒಂದು ವರ್ಷದ ಕಷ್ಟ. ಎಚ್ಚರಿಕೆ ಹೆಂಗಸರನ್ನು ಮುಟ್ಟದಿದ್ದರೆ ಪ್ರಾಣವೇ ಹೋಗುತ್ತದೆ ಎಂಬುದಕ್ಕೆ ಇದೇ ಬಂಗಾಳ ಕೊಲ್ಲಿಯ ಇನ್ನೊಂದು ದಡ ಸಾಕ್ಷಿ.

1970ರ ನವೆಂಬರ್‌ನಲ್ಲಿ, ಇಂದು ಬಾಂಗ್ಲಾದೇಶವಾಗಿರುವ ನಾಡಿನ ಕರಾವಳಿಗೆ ಬಡಿದ ಚಂಡಮಾರುತದಲ್ಲಿ ಸತ್ತವರು ಕಡಿಮೆಯೆಂದರೂ ಮೂರು ಲಕ್ಷ ಎಂಬ ಅಂದಾಜಿದೆ. ಮತ್ತೆ 1991ರ ಏಪ್ರಿಲ್ 29ರ ರಾತ್ರಿ ಬಂದದ್ದರಲ್ಲಿ ಸುಮಾರು 1,38,000 ಮಂದಿ ತೀರಿಕೊಂಡರು. 1991ರಲ್ಲಿ ಎಚ್ಚರಿಕೆ ಕೊಡಲಾಗಿತ್ತು. ಆದರೂ ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು. ಏಕೆಂದು ಆಮೇಲೆ ವಿಚಾರಿಸಿದವರಿಗೆ ಸಿಕ್ಕ ಉತ್ತರಗಳು ನಮ್ಮ ಮನೆಗಳಿಂದಲೇ ಬಂದಂತಿವೆ. ಗಂಡ ಬರಲಿ, ಕೇಳಿ ಹೊರಡೋಣ ಎಂದು ಕಾದವರಿದ್ದರು. ಅಪರಿಚಿತ ಗಂಡಸರು ತುಂಬಿದ ಆಶ್ರಯ ಕಟ್ಟಡಕ್ಕೆ ಹೋಗಲು ಸಂಕೋಚಪಟ್ಟವರಿದ್ದರು. ಮಕ್ಕಳನ್ನು, ವಯಸ್ಸಾದವರನ್ನು, ಕೋಳಿ-ಕುರಿಗಳನ್ನು ಬಿಟ್ಟು ಹೋಗಲಾರದೆ ನಿಂತವರಿದ್ದರು. ನೀರಿನಲ್ಲಿ ಸೀರೆ ಕಾಲಿಗೆ ಸುತ್ತಿಕೊಂಡು ಬಿದ್ದವರಿದ್ದರು.

ಆ ದೇಶ ಅಷ್ಟಕ್ಕೇ ಅಳುತ್ತಾ ಕೂರಲಿಲ್ಲ ಎಂಬುದನ್ನು ನಾವು ಕಲಿಯಬೇಕು. ಹೆಚ್ಚು ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಹೆಂಗಸರಿಗೆ ಬೇರೆ ಕೋಣೆಗಳನ್ನು ಮಾಡಿದರು. 1972ರಲ್ಲೇ ಹುಟ್ಟಿದ ಅವರ ಚಂಡಮಾರುತ ಸಿದ್ಧತಾ ಪಡೆಯಲ್ಲಿ ಈಗ ಸುಮಾರು 76,000 ಸ್ವಯಂಸೇವಕರಿದ್ದು, ಅವರಲ್ಲಿ ಅರ್ಧದಷ್ಟು ಮಹಿಳೆಯರು. ಹೆಂಗಸೊಬ್ಬಳು ಬಾಗಿಲು ತಟ್ಟಿ "ಅಕ್ಕಾ, ಹೊರಡು" ಎಂದಾಗ ಒಳಗಿದ್ದವಳು ಹೊರಡುತ್ತಾಳೆ.

ನಮ್ಮ ದೇಶದಲ್ಲೂ ಅಂಥ ಉದಾಹರಣೆಯಿದೆ. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಚಂಡಮಾರುತಕ್ಕೆ ಸುಮಾರು 10,000 ಮಂದಿ ಬಲಿಯಾದರು. 2013ರ ಅಕ್ಟೋಬರ್ 12ರಂದು ಅದೇ ಕರಾವಳಿಗೆ 'ಫೈಲಿನ್' ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಕರೆದೊಯ್ದರು. ಸಾವು ಐವತ್ತನ್ನು ದಾಟಲಿಲ್ಲ. ಈ ಹದಿನಾಲ್ಕು ವರ್ಷಗಳಲ್ಲಿ ಕಡಲಿನ ಸ್ವಭಾವವೇನೂ ಬದಲಾಗಿರಲಿಲ್ಲ. ಹೇಳುವವರು ಹೊತ್ತಿಗೆ ಸರಿಯಾಗಿ ಹೇಳಿದರು, ಕೇಳುವವರು ಕೇಳಿದರು.

"ಮಳೆ ನಮ್ಮ ಕೈಯಲ್ಲಿದೆಯೇ?"

ಈ ಮಾತುಗಳನ್ನು ಒಂದು ಮನೆಯಲ್ಲಿ ಆಡುತ್ತಿದ್ದಾಗ ವಯಸ್ಸಾದ ಖಾಲಾ ಒಬ್ಬರು ತಸ್ಬೀಹ್ ನಿಲ್ಲಿಸಿ ಕೇಳಿದರು. "ಬೇಟಿ, ಮಳೆ ಯಾವಾಗ ಬರುತ್ತದೆಂಬುದು ಅಲ್ಲಾಹನಿಗೆ ಮಾತ್ರ ಗೊತ್ತಿರುವ ಸಂಗತಿ. ಇವರ ಮಾತು ನಂಬುವುದು ಸರಿಯೇ?"

ಪ್ರಶ್ನೆ ಒಳ್ಳೆಯದೇ. ನಾನು ಹೇಳಿದ್ದು ಇಷ್ಟು. "ಖಾಲಾ, ಪಡುವಣದಲ್ಲಿ ಕಪ್ಪು ಮೋಡ ಕಂಡರೆ ನೀವು ಒಣಗಲು ಹಾಕಿದ ಹಪ್ಪಳ ಒಳಗೆ ತರುತ್ತೀರಲ್ಲ, ಅದು ಅಗೋಚರದ ಜ್ಞಾನವೇ? ಕಂಡ ಗುರುತಿನಿಂದ ಮಾಡಿದ ಊಹೆ. ಅವರು ಮಾಡುವುದೂ ಅದನ್ನೇ. ಅವರಿಗೆ ನಮಗಿಂತ ದೂರದ ಮೋಡ ಕಾಣುತ್ತದೆ, ಅಷ್ಟೇ. ಅವರೂ 'ಬಂದೇ ಬರುತ್ತದೆ' ಎನ್ನುವುದಿಲ್ಲ, 'ಸಾಧ್ಯತೆ ಇದೆ' ಎನ್ನುತ್ತಾರೆ." ಖಾಲಾ ನಕ್ಕರು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡುವ ಪಾಠವನ್ನು ನಾವೆಲ್ಲ ಮದ್ರಸದಲ್ಲಿಯೇ ಕಲಿತವರು. ರಾಗಿ ಮೆದೆಗೆ ಟಾರ್ಪಾಲು ಕಟ್ಟುವುದೂ ಅದೇ ಪಾಠ.

ಮಾನ್ಸೂನ್ ಎಂಬ ಪದವೇ ಅರಬಿಯ 'ಮೌಸಿಮ್'ನಿಂದ ಬಂದದ್ದು. ನಾವು ಮನೆಯಲ್ಲಿ ಆಡುವ 'ಮೌಸಮ್' ಕೂಡ ಅದೇ. ಹದಿನೈದನೇ ಶತಮಾನದ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್, ಯಾವ ದಿನಗಳಲ್ಲಿ ಹಡಗು ಹೊರಡಬೇಕು, ಯಾವಾಗ ಹೊರಡಲೇಬಾರದು ಎಂಬುದನ್ನು ಗಾಳಿಯ ಲೆಕ್ಕವಿಟ್ಟು ಗ್ರಂಥವಾಗಿ ಬರೆದಿಟ್ಟ. ದೇವರ ಮೇಲೆ ಭರವಸೆಯಿಟ್ಟವರೇ ಗಾಳಿಯ ಲೆಕ್ಕವನ್ನೂ ಇಟ್ಟರು.

ಈ ವಾರ ನೀವು ಮಾಡಬಹುದಾದದ್ದು

ಮೊದಲ ಕೆಲಸ, ಮನೆಯ ಮೊಬೈಲ್‌ಗೆ ಬರುವ ಎಚ್ಚರಿಕೆಯನ್ನು ಮನೆಯೊಳಗೆ ಗಟ್ಟಿಯಾಗಿ ಓದುವ ರೂಢಿ. ಓದುವ ಮಗನಿಗೋ ಮಗಳಿಗೋ ಈ ಜವಾಬ್ದಾರಿ ಕೊಡಿ. ಹವಾಮಾನ ಇಲಾಖೆಯ 'ಮೌಸಮ್', ರೈತರಿಗೆಂದೇ ಇರುವ 'ಮೇಘದೂತ್', ಸಿಡಿಲಿನ ಸೂಚನೆ ಕೊಡುವ 'ದಾಮಿನಿ' ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಮೇಘದೂತ್‌ನಲ್ಲಿ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಬೆಳೆಯ ಸಲಹೆ ಬರುತ್ತದೆ. 2023ರ ಅಕ್ಟೋಬರ್‌ನಲ್ಲಿ ಒಂದು ದಿನ ರಾಜ್ಯದ ಎಷ್ಟೋ ಮೊಬೈಲ್‌ಗಳು ಒಮ್ಮೆಲೇ ಜೋರಾಗಿ ಕೂಗಿಕೊಂಡು ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ನೆನಪಿರಬಹುದು. ಅದು ವಿಪತ್ತಿನ ಎಚ್ಚರಿಕೆ ಕೊಡುವ ವ್ಯವಸ್ಥೆಯ ಪರೀಕ್ಷೆ. ಮುಂದೆ ಅಂಥ ಸದ್ದು ಬಂದರೆ ಹೆದರಿ ಆರಿಸಬೇಡಿ, ಓದಿ.

ಎರಡನೆಯದು, ಕಿತ್ತಳೆ ದಿನದ ಕೆಲಸಗಳು. ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್, ನಿಕಾಹ್‌ನಾಮೆ, ಮಕ್ಕಳ ಅಂಕಪಟ್ಟಿ ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಕೈಗೆ ಸಿಗುವ ಎತ್ತರದಲ್ಲಿ ಇರಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರ ಮಾತ್ರೆ ನಾಲ್ಕು ದಿನಕ್ಕಾಗುವಷ್ಟು ಇದೆಯೇ ನೋಡಿ. ಕುಡಿಯುವ ನೀರು ತುಂಬಿಡಿ, ಮೊಬೈಲ್ ಚಾರ್ಜ್ ಮಾಡಿ. ರಾಗಿ, ಅಕ್ಕಿ ಮೂಟೆ ನೆಲದಿಂದ ಮೇಲೇರಲಿ. ಹೊಲಿಗೆಯಿಂದ ಮನೆ ನಡೆಸುವವರು ಯಂತ್ರವನ್ನು, ಬೇರೆಯವರ ಬಟ್ಟೆಯ ಗಂಟನ್ನು ಮೊದಲು ಎತ್ತಿಡಿ. ನೆಲದಲ್ಲಿ ನೀರು ನಿಂತರೆ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿ. ಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ಪ್ರವಾಹದ ಸಹಾಯಕ್ಕೆ ಜಿಲ್ಲೆಯ ನಿಯಂತ್ರಣ ಕೊಠಡಿಯ ಸಂಖ್ಯೆ 1077, ಯಾವುದೇ ತುರ್ತಿಗೆ 112. ಈ ಮೂರು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆ ಮನೆಯ ಗೋಡೆಗೆ ಅಂಟಿಸಿ.

ಗುಡುಗು ಕೇಳಿದರೆ ಹೊಲದಲ್ಲಿದ್ದವರು ಮರದ ಬುಡಕ್ಕೆ ಓಡಬಾರದು. ಪಕ್ಕಾ ಕಟ್ಟಡದೊಳಗೆ ಹೋಗಬೇಕು. ಹಿಂಗಾರಿನ ಸಂಜೆಗಳಲ್ಲಿ ಸಿಡಿಲಿಗೆ ಪ್ರಾಣ ಕೊಡುವವರಲ್ಲಿ ಹೊಲದ ಕೆಲಸದವರು, ಕುರಿ ಮೇಯಿಸುವವರು ಬಹಳ.

ಮೂರನೆಯದು, ನೆರೆಹೊರೆ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ವಿಧವೆಯಿದ್ದಾರೆಯೇ? ತುಂಬು ಗರ್ಭಿಣಿಯಿದ್ದಾರೆಯೇ? ಕಿವಿ ಕೇಳದ ಅಜ್ಜಿಯಿದ್ದಾರೆಯೇ? ಮೊಬೈಲ್ ಇಲ್ಲದ ಮನೆ ಯಾವುದು? ಯಾರ ಬಾಗಿಲನ್ನು ಯಾರು ತಟ್ಟಬೇಕೆಂದು ಇಂದೇ ಮಾತನಾಡಿಕೊಳ್ಳಿ. ನಮ್ಮ ಮಸೀದಿಗಳ ಮೈಕು ಬೀದಿಬೀದಿಯ ಒಳಮನೆಗಳನ್ನೂ ಮುಟ್ಟುತ್ತದೆ. ಜಿಲ್ಲೆಗೆ ಕಿತ್ತಳೆ, ಕೆಂಪು ಎಚ್ಚರಿಕೆ ಬಂದ ದಿನ, ಹೊಳೆಗೆ ನೀರು ಬಿಟ್ಟ ದಿನ, ಅದರಲ್ಲಿ ಎರಡು ಮಾತು ಹೇಳಿಸಲು ಜಮಾಅತಿನ ಹಿರಿಯರನ್ನು ಕೇಳಿಕೊಳ್ಳಿ. ಊರಿನ ಎಲ್ಲರಿಗೂ ಅದು ಉಪಕಾರ.

ಆ ಹುಡುಗಿಯ ತಾಯಿ ಮುಂದಿನ ವರ್ಷ ನನಗೆ ಫೋನ್ ಮಾಡಿದ್ದರು. ಮಗಳು ದಿನಾ ಸಂಜೆ ಅಪ್ಪನ ಮೊಬೈಲ್ ಇಸಿದುಕೊಂಡು ಹವಾಮಾನ ಓದಿ ಹೇಳುತ್ತಾಳಂತೆ. "ಟೀಚರ್, ಈ ಸಲ ಮೂರು ದಿನ ತಡೆದು ಕೊಯ್ಸಿದೆ. ಮೆದೆ ಒಟ್ಟಿ ಆಯಿತು" ಎಂದರು. ದನಿಯಲ್ಲಿ ಹೆಮ್ಮೆಯಿತ್ತು.

ಮುಂದಿನ ಸಲ ಟಿ.ವಿ.ಯಲ್ಲಿ ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಮಾತು ಕೇಳಿದಾಗ, ಈರುಳ್ಳಿಯ ಕೈಯನ್ನು ಒಂದು ಕ್ಷಣ ನಿಲ್ಲಿಸಿ. ಕಡಲಿಗೆ ಹೋದ ಆ ಅಪರಿಚಿತ ಸಹೋದರರು ದಡ ಸೇರಲಿ ಎಂದು ದುಆ ಮಾಡಿ. ಆಮೇಲೆ ಮಗಳನ್ನು ಕರೆದು ಕೇಳಿ, "ನಮ್ಮ ಜಿಲ್ಲೆಗೆ ಇವತ್ತು ಯಾವ ಬಣ್ಣ, ನೋಡು."